ಇಪ್ಪತ್ತೆರಡನೇ ನಿಮಿಷ

ಪಕ್ಕದ ಮನೆಯ ಇಟ್ಸೆಲ್
ಕಿಟಕಿಗಳಿಗೆಲ್ಲ ಅಡುಗೆಮನೆಯ ಬೆಳ್ಳಿಹಾಳೆ ಅಂಟಿಸಿದ್ದಾಳೆ.
ಆಲ್ಟಡೀನಾದ ಬಿಸಿಲಿಗೆ ಒಳಗೆ ಪ್ರವೇಶವಿಲ್ಲ,
ಅವಳ ಹಗಲು ಬೇರೆ ಕಡೆ ಇದೆ.
ಮಂಗಳನ ದಿನ ನಮ್ಮದಕ್ಕಿಂತ ನಲವತ್ತು ನಿಮಿಷ ಉದ್ದವಂತೆ.
ಹಾಗಾಗಿ ಈ ವಾರದ ಬೆಳಗಿನ ಕಾಫಿ
ಮುಂದಿನ ವಾರ ಮಟಮಟ ಮಧ್ಯಾಹ್ನಕ್ಕೆ ಜಾರಿ
ಅದರಾಚೆ ವಾರ ಮುಸ್ಸಂಜೆಗೆ ಬಂದು ನಿಲ್ಲುತ್ತದೆ.
ನಾನೋ, ನಿದ್ದೆ ಬಾರದ ಎಂಬತ್ತರ ಮುದುಕ.
ಇಬ್ಬರೂ ಎಚ್ಚರವಿರುವ ಹೊತ್ತು ಹೇಗೂ ಸಿಗುತ್ತದೆ,
ಬೇಲಿಗೊರಗಿ ಮಾತಾಡುತ್ತೇವೆ.

"ಗಾಡಿ ಹೇಗಿದೆ?" ಎನ್ನುತ್ತೇನೆ, ಮನೆಮಂದಿಯನ್ನು ವಿಚಾರಿಸಿದ ಹಾಗೆ.
"ಬಲಗಡೆಯ ಮುಂದಿನ ಗಾಲಿ ತಿರುಗುತ್ತಿಲ್ಲ, ಮಿಸ್ಟರ್ ಪೆಟಿಗ್ರೂ.
ಎಳೆದುಕೊಂಡೇ ಹಿಮ್ಮುಖ ನಡೆಸುತ್ತಿದ್ದೇವೆ."
ನೋಡಲು ಕೆಂಡ, ಮುಟ್ಟಿದರೆ ಹಿಮ, ಅಂಥ ನೆಲದಲ್ಲಿ
ಒಂಟಿ ಗಾಡಿ ಕುಂಟುತ್ತಿದೆ ಎಂದು ನೆನೆದರೆ
ನನ್ನ ಮಂಡಿ ನೋಯುತ್ತದೆ,
ಅದೇ ಮಂಡಿಯಲ್ಲಿ ಕುಣಿಯಬೇಕೆನಿಸುತ್ತದೆ.
ಇವತ್ತು ಒಂಬತ್ತು ಮೀಟರು!
ಅಂಚೆಯವನಿಗೂ ಹೇಳಿದೆ.

ಒಂದು ರಾತ್ರಿ ಕೇಳಿದಳು: ನೀವೇನೋ ನುಡಿಸುತ್ತಿದ್ದಿರಂತೆ.
ಬಾಸ್. ಮೂವತ್ತು ವರ್ಷ. ಮದುವೆ ಮನೆ, ಹಡಗು, ಹೋಟೆಲಿನ ಲಾಬಿ.
ತಟ್ಟೆಯಾಗಿ ಹೊರಬಂದದ್ದು ಒಂದೇ.
ಅರವತ್ತೆಂಟರ ಫೆಬ್ರವರಿ,
ಡೆಟ್ರಾಯ್ಟಿನ ಲಾಂಡ್ರಿಯೊಂದರ ನೆಲಮಾಳಿಗೆ,
ಇಬ್ಬರು ಡ್ರಮ್ಮಿನವರು, ಒಬ್ಬರಿಗೊಬ್ಬರು ಮಾತು ಬಿಟ್ಟವರು,
ಓರಿನ್ ಟಿಬ್ಸನ ಸ್ಯಾಕ್ಸಫೋನು
ಹಾಡುತ್ತಿತ್ತೋ ಉಗುಳುತ್ತಿತ್ತೋ ಇಂದಿಗೂ ತಿಳಿಯದು.
ನಲವತ್ತು ನಿಮಿಷ, ಎರಡು ಮಗ್ಗುಲು.
ಕೊನೆಗೆ ಯಾರೂ ಮಂಗಳ ಹಾಡಲಿಲ್ಲ, ಟೇಪು ಮುಗಿಯಿತು.
ಮುನ್ನೂರು ಪ್ರತಿ. ನನ್ನ ತಾಯಿ ಕೇಳಿ
"ಯಾರಿಗಾದರೂ ಪೆಟ್ಟಾಯಿತೇ?" ಎಂದಳು.

ಇಟ್ಸೆಲ್ ಒಯ್ದಳು. ನಾಲ್ಕೇ ನಿಮಿಷಕ್ಕೆ ಮುಳ್ಳೆತ್ತಿದಳು.
ಮರುದಿನ ಏಳು. ಆಮೇಲೆ ಹಠ:
ದಿನಕ್ಕೆ ನಲವತ್ತು ನಿಮಿಷ ಹೇಗೂ ಹೆಚ್ಚಿಗೆ ಸಿಕ್ಕಿದೆಯಲ್ಲ,
ಭೂಮಿಯ ಗಡಿಯಾರದಲ್ಲಿ ಅದಕ್ಕೆ ಜಾಗವೇ ಇಲ್ಲ,
ಅಷ್ಟನ್ನೂ ಇದಕ್ಕೇ ಸುರಿಯುತ್ತೇನೆ, ಅಂತ.
ಹನ್ನೊಂದು ದಿನ
ಬೇಲಿಯಾಚೆಯಿಂದ ನನ್ನ ಹರೆಯ ಕಿರುಚುವುದು ಕೇಳುತ್ತಿತ್ತು.
ನಾಯಿಗಳು ಊಳಿಟ್ಟವು.
ನಾನು ನಲ್ಲಿ ಜೋರಾಗಿ ಬಿಟ್ಟು ತೊಳೆದ ಪಾತ್ರೆಯನ್ನೇ ತೊಳೆದೆ.

ಏಕೆಂದರೆ ಇಪ್ಪತ್ತೆರಡನೇ ನಿಮಿಷ ನನಗೆ ಗೊತ್ತು.
ತಟ್ಟೆ ಮಗುಚಿದ ಮೇಲೆ, ತುಸು ಹೊತ್ತಿಗೇ.
ಎಲ್ಲರೂ ಎತ್ತಲೋ ಓಡಿದರು,
ನನ್ನ ಬೆರಳು ತಂತಿಯ ಮೇಲೆ ನಿಂತೇಬಿಟ್ಟಿತು.
ಐವತ್ತೈದು ವರ್ಷ ಮುಳ್ಳನ್ನು ಅದರಾಚೆಗೇ ಇಟ್ಟಿದ್ದೇನೆ.

ಹನ್ನೆರಡನೆಯ ದಿನ ಬೇಲಿಗೆ ಬಂದಳು, ಕಣ್ಣು ಕೆಂಪು, ತಲೆ ಬಾಚಿಲ್ಲ.
"ಅಲ್ಲಿ ನೀವು ಕಾಯುತ್ತಿದ್ದಿರಿ, ಅಲ್ಲವಾ?"
ನಾನು ಕೆಮ್ಮಿದೆ.
"ನಮಗೂ ಹಾಗೆ. ಒಂದು ಮಾತು ಕಳಿಸಿದರೆ
ಈಗ ಹೋಗಲು ಹನ್ನೊಂದು ನಿಮಿಷ, ಮರಳಲು ಹನ್ನೊಂದು.
ಅಷ್ಟು ಹೊತ್ತು ಕೋಣೆಯಲ್ಲಿ ಪಿಟಕ್ಕೆನ್ನುವುದಿಲ್ಲ.
ನೀವು ನಿಲ್ಲಿಸಿದಾಗ ಎಡಗಡೆಯ ಡ್ರಮ್ಮಿನವನು
ಬಲಗಡೆಯವನನ್ನು ಮೊದಲ ಸಲ ಕೇಳಿಸಿಕೊಂಡ.
ಗೊತ್ತಾಗಲಿಲ್ಲವಾ?"

ನನಗೆ ನನ್ನ ಕಿವಿ ಬಿಸಿಯಾದದ್ದಷ್ಟೇ ನೆನಪು.
ಹೂಂ ಅನ್ನಬಹುದಿತ್ತು.
"ಇಲ್ಲ ಮಗೂ, ದಾರಿ ತಪ್ಪಿತ್ತು" ಅಂದೆ.

ಅವಳು ನಕ್ಕು ಜೇಬಿನಿಂದ ಚಿತ್ರವೊಂದನ್ನು ತೆಗೆದಳು:
ಕೆಟ್ಟ ಗಾಲಿ ಗೀಚಿದ ಗೆರೆ,
ಕೆಂಪು ಧೂಳಿನಡಿಯಿಂದ ಉಪ್ಪಿನಂಥ ಬಿಳುಪು ಮೇಲೆದ್ದಿದೆ.
"ಗಾಲಿ ಸರಿಯಿದ್ದರೆ ಇದರ ಮೇಲೆ ಹಾದುಹೋಗಿರುತ್ತಿದ್ದೆವು.
ಹಿಂದೆಂದೋ ನೀರಿತ್ತೇನೋ. ಇನ್ನೂ ಯಾರೂ ಬಾಯಿಬಿಟ್ಟಿಲ್ಲ,
ಅಂಚೆಯವನಿಗೆ ಹೇಳಬೇಡಿ."

ರಾತ್ರಿ ಎರಡೂವರೆ. ಮುಳ್ಳನ್ನು ಮೊದಲಿನಿಂದ ಇಟ್ಟೆ.
ಟಿಬ್ಸನನ್ನು ಈಗಲೂ ಸಹಿಸಲಾಗದು,
ದೇವರು ಅವನನ್ನು ದೂರದಲ್ಲೆಲ್ಲೋ ಚೆನ್ನಾಗಿಟ್ಟಿರಲಿ.
ತಟ್ಟೆ ಮಗುಚಿ ಕುರ್ಚಿಯ ತೋಳು ಹಿಡಿದು ಕೂತೆ.
ಬಂತು.
ಎಡ.
ಬಲ.
ಬೇಲಿಯಾಚೆ ಅಲಾರಂ ಹೊಡೆಯಿತು, ಅವಳಿಗೆ ಬೆಳಗಾಯಿತು.