ನಾಟೀಕಾರ ಬ್ರದರ್ಸ್

ಶಹಾಬಾದದಾಗ ಗ್ವಾಡಿ ಅಂದ್ರ ಗ್ವಾಡಿರಿ,
ಒಂದೂವರೆ ಮೊಳ ದಪ್ಪ.
ಖಣಿ ಬಿಟ್ಟು ಎದ್ದು ಬಂದು ಕುಂತಂಗ
ಕಲ್ಲಿನ ಮ್ಯಾಲ ಕಲ್ಲು, ನಡುವ ಸುಣ್ಣ.
ಕಂಪನಿ ಪುಸ್ತಕದಾಗ ಬರದಿರ್ತದ,
ನೂರೈವತ್ತು ಫೂಟು ಕವರೇಜ್ ಅಂತ.
ಆ ಪುಸ್ತಕ ಬರದಾಂವ
ನಮ್ಮ ಪರಸಿ ಮ್ಯಾಲ ಒಂದಿನಾನೂ ಮಲಗಿಲ್ಲ.

ಹದಿನಾಕು ವರ್ಷ ಆತು ಈ ಊರಾಗ ಕೇಬಲ್ ಎಳೀಲಾಕ ಹತ್ತಿ.
ಯಾರ ಮನ್ಯಾಗ ಸಿಗ್ನಲ್ ಎಲ್ಲಿ ಸಾಯ್ತದ, ನನ್ನ ಕೇಳ್ರಿ.
ಮೌಲಾಲಿ ಮನ್ಯಾಗ ತಿಜೋರಿ ಹಿಂದ.
ಕುಂಟೋಜಿ ಟೀಚರ ಮನ್ಯಾಗ ನೀರಿನ ಡ್ರಮ್ ದಾಟಿದ್ರ ಮುಗೀತು.
ಸ್ಟೇಷನ್ ಬಾಜೂ ಬಾಡಿಗಿ ಹುಡುಗರು
ಪಾಯಖಾನಿ ಬಾಗಲದಾಗ ನಿಂತು ಕ್ರಿಕೆಟ್ ನೋಡ್ತಾರ,
ಅಲ್ಲೇ ಮೂರು ಕಡ್ಡಿ ಬರ್ತಾವ,
ದೇವರ ಖೋಲ್ಯಾಗ ಒಂದೂ ಇಲ್ಲ.

ನಾಟೀಕಾರರ ಕಂಪ್ಲೇಂಟ್ ಮೇ ತಿಂಗಳಿಂದು.
ಮಧ್ಯಾಹ್ನ ಎರಡಾದ್ರ ಸಾಕು, ಹೋಗ್ತದ.
ಹೋಗಿ ನೋಡ್ತೀನಿ, ರೌಟರ್ ಮಾಡದಾಗ ಕುಂತದ.
ಚಿಮಣಿ ಇಡ್ತಿದ್ದ ಮಾಡ, ಮಸಿ ಇನ್ನೂ ಹೋಗಿಲ್ಲ.
ಅದರ ಬಾಜೂಕೆ ಒಂದು ಬಾಗಲಾ,
ಅಂದ್ರ ಬಾಗಲಾ ಇದ್ದ ಜಾಗ,
ಆರು ವರ್ಷದ ಹಿಂದ ಇಟ್ಟಂಗಿ ಇಟ್ಟು ಮುಚ್ಚ್ಯಾರ.
ಡಬ್ಬಿ ಮುಟ್ಟಿದ್ರ ಈಗ ಹಂಚಿನಿಂದ ತಗದ ರೊಟ್ಟಿ.

"ಇಲ್ಲಿ ಯಾಕ ಇಟ್ಟೀರಿ ಅಕ್ಕೋರೆ?
ಪಡಸಾಲ್ಯಾಗ ಫ್ಯಾನಿನ ಬುಡಕ ಇಡ್ರಿ, ಮನಿ ತುಂಬ ಬರ್ತದ."
ಜಗದೇವಿ ಅಕ್ಕೋರು ಸೆರಗಿಲೆ ಬೆವರು ಒರಸಿಕೊಂಡ್ರು.
"ಅಲ್ಲೇ ಇರ್ಲಿ. ಅಲ್ಲಿ ಇಲಿ ಬರೂದಿಲ್ಲ."

ಬೆರಳಿಲೆ ಮಾಡದ ಬೆನ್ನು ಬಡದೆ.
ಟೊಳ್ಳು. ಒಂದೇ ಪರಸಿ.
ಆಕಡಿ ಸಣ್ಣಾಂವನ ಪಾಲು.

ನಾ ಸ್ವಿಚ್ ತಗದೆ.
ಮೂರೂ ಹಸಿರು ದೀಪ ಆರಿದ್ವು.
ಕಲ್ಲಿನ ಒಳಗಿಂದ ಬಂದಂಗ ಒಂದು ಹುಡುಗಿ ದನಿ:
"ಅಯ್ಯ, ಹೋತು! ನನ್ನ ಫಾರ್ಮು ಅರ್ಧಾ ತುಂಬಿತ್ತವ್ವ!"
ಅದರ ಬೆನ್ನಿಗೇ ಕುಕ್ಕರ್ ಸೀಟಿ.

ಅಕ್ಕೋರು ನನ್ನ ಮಾರಿ ನೋಡ್ಲಿಲ್ಲ,
ಸ್ವಿಚ್ ನೋಡಿದ್ರು.
"ಲಗೂ ಹಚ್ಚಪ," ಅಂದ್ರು, ಸಣ್ಣ ದನ್ಯಾಗ.

ಎರಡು ನಿಮಿಷ ಬೇಕ್ರಿ ಅದಕ್ಕ ಉಸುರು ಬರ್ಲಾಕ.
ಈಕಡಿ ಒಬ್ಬಾಕಿ, ಆಕಡಿ ಒಬ್ಬಾಕಿ,
ನಡುವ ಸ್ಕ್ರೂಡ್ರೈವರ್ ಹಿಡಕೊಂಡು ನಾನು.
ಯಾರೂ ಕೆಮ್ಮಲಿಲ್ಲ.

ಬಂತು.
ಫೋನಿನಾಗ ಹೆಸರು ಮೂಡ್ತು: ನಾಟೀಕಾರ ಬ್ರದರ್ಸ್.
ಪರಸಿ ಅಂಗಡಿ ಬೋರ್ಡು ಗುಜರಿಗೆ ಹೋಗಿ ಎಷ್ಟೋ ದಿನ ಆತು,
ಹೆಸರು ಬದಲಿ ಮಾಡೂದು ಇಬ್ಬರಿಗೂ ನೆನಪಾಗಿಲ್ಲ ಕಾಣ್ತದ.
ಕೂಡಿದ್ದು ಎಷ್ಟು ಅಂತ ಒತ್ತಿ ನೋಡಿದೆ: ಒಂಬತ್ತು.
ಈಕಡಿ ಇರೋರು ಗಂಡ ಹೆಂಡತಿ, ಒಂದು ಟೀವಿ.

ಅಷ್ಟರಾಗ ಹಿರಿಯಾಂವ ಶಂಕ್ರೆಪ್ಪ ಒಳಗ ಬಂದ್ರು,
ಟವೆಲ್ ಹೆಗಲ ಮ್ಯಾಲ.
"ಯಾರರ ಕದ್ದು ಹಚ್ಚ್ಯಾರೇನು ನೋಡಪ."
"ಇಲ್ರಿ ಮಾಲಕ್ರ. ಕಲ್ಲಿನ ಕಾವು, ಅಷ್ಟೇ."
"ಪಾಸ್‌ವರ್ಡ್ ಬದಲಿ ಮಾಡಿಬಿಡು ಹಂಗಾರ."
ಒಳಗಿಂದ ಅಕ್ಕೋರು:
"ಬ್ಯಾಡ. ಹೊಸಾದು ನನಗ ನೆನಪಿರೂದಿಲ್ಲ."

ಡಬ್ಬಿ ಬುಡಕ ನಾಕು ಸೋಡಾ ಬಿರಡಿ ಇಟ್ಟೆ,
ಗಾಳಿ ಆಡ್ಲಿ ಅಂತ.
ಬೆನ್ನು ಪರಸಿಗೆ ಹತ್ತೇ ಇತ್ತು,
ಸರಿಸಲಿಲ್ಲ.
ರಿಪೋರ್ಟಿನಾಗ ಕಾರಣ ಅಂಬಲ್ಲಿ ಬಿಸಿಲು ಅಂತ ಬರದೆ.
ಕವರೇಜ್ ಅಂಬೋ ಖಾನಿ
ಖಾಲಿ ಬಿಟ್ಟು ಸಹಿ ಹಾಕಿದೆ.