ಸುಶೀಲಿ

ಗೋಣಿಯ ಮೇಲೆ ಊರಿನ ಹೆಸರು ಬಳಿಯುವುದು ನನ್ನ ಕೆಲಸ.
ತಗಡಿನಲ್ಲಿ ಕೊರೆದ ಅಕ್ಷರ, ಒಂದು ಡಬ್ಬಿ ಕರಿ ಮಸಿ,
ಕೂದಲುದುರಿದ ಬ್ರಷ್ಷು.
ಕ್ಯೂರಿಂಗ್ ವರ್ಕ್ಸಿನ ಹಿಂಬಾಗಿಲಲ್ಲಿ ಕೂತು
ಹನ್ನೊಂದು ವರ್ಷ ಎಷ್ಟೋ ಬಂದರುಗಳಿಗೆ ಮಸಿ ಬಳಿದಿದ್ದೇನೆ,
ಒಂದನ್ನೂ ಕಂಡಿಲ್ಲ.

ಈ ಸಲದ ತಗಡಿನಲ್ಲಿ ಪಲೆರ್ಮೊ.
ಎಲ್ಲಿದು ಅಂದರೆ ರೈಟರು ಕನ್ನಡಕ ಏರಿಸಿ
ಸಿಸಿಲಿ, ದ್ವೀಪ, ಸುತ್ತ ನೀರು ಅಂದರು.
ಊಟದ ಹೊತ್ತಿಗೆ ಚಿನ್ನತಾಯಿಯ ಕಿವಿಗೆ ಬೇರೆಯೇ ಬಿತ್ತು:
"ಯಾವ ಸುಶೀಲಿ? ಉಪ್ಪಳ್ಳಿ ಸುಶೀಲಿಯಾ?
ಅವಳ ಮನೆ ಸುತ್ತ ಯಾವಾಗ ನೀರು ಬಂತು, ನಲ್ಲೀಲೇ ಬರಲ್ಲ!"
ನಕ್ಕು ನಕ್ಕು ದಿಲ್‌ಶಾದಳಿಗೆ ಅನ್ನ ನೆತ್ತಿಗೇರಿತು.
ಅವತ್ತಿಂದ ಆ ದ್ವೀಪ ನಮ್ಮ ಪಾಲಿಗೆ ಸುಶೀಲಿ.

ಹೋಗೋಣ ಅಂತ ಮೊದಲು ಅಂದವರು ಯಾರೋ.
ಬುಧವಾರದೊಳಗೆ ಬುತ್ತಿ ತೀರ್ಮಾನವಾಗಿತ್ತು.
ಮಟಿಲ್ಡಾ ಒಣಸಿಗಡಿ ಚಟ್ನಿ ತರ್ತೀನಿ ಅಂದು
ಸಮುದ್ರಕ್ಕೆ ಮೀನು ಹೊರ್ತೀಯಾ ಎಂದು ಬೈಸಿಕೊಂಡಳು.
ನಾನು ಕಾಫಿಪುಡಿ ಅಂದೆ.
"ಬೇಡ, ನಮ್ಮ ಕಾಳು ನಮಗಿಂತ ಮೊದಲೇ ಹೋಗಿರ್ತದೆ,
ಇಳಿದ ಕೂಡಲೇ ಕುಡಿಯೋಣ."
ಆಮೇಲೆ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಆರಿಸಿ ಆರಿಸಿ ಬೆರಳು ಸವೆದವರು,
ಆರಿಸಿದ್ದರ ರುಚಿ ಒಬ್ಬರಿಗೂ ಗೊತ್ತಿಲ್ಲ.
ಮನೆಯಲ್ಲಿ ಕುಡಿಯುವುದು ಕರಿಕಾಳು, ಚೂರು, ಅರ್ಧಕ್ಕರ್ಧ ಚಿಕೋರಿ.

ದಿಲ್‌ಶಾದಳ ಮಗಳು ಮೊಬೈಲಿನಲ್ಲಿ ದರ ನೋಡಿದಳು:
ಹೋಗಿ ಬರಲು ತಲೆಗೆ ಎಂಬತ್ತೆರಡು ಸಾವಿರ.
ಚಿನ್ನತಾಯಿ ಬೆರಳು ಮಡಚಿ ಮಡಚಿ ಕೂಲಿ ಲೆಕ್ಕ ಹಾಕಿದಳು,
ಬೆರಳು ಸಾಲದೆ ನನ್ನ ಕೈ ಎಳೆದುಕೊಂಡಳು.
ಅಲ್ಲೊಂದು ಬೆಟ್ಟ ಬೆಂಕಿ ಕಾರುತ್ತದಂತೆ ಎಂದು ಮಗಳು ಓದಿದಾಗ
ನಮ್ಮ ಮುಳ್ಳಯ್ಯನಗಿರಿಯೇ ವಾಸಿ ಅನ್ನಿಸಿತು ಒಂದು ಕ್ಷಣ,
ಮಂಜು ಬಿಟ್ಟು ಏನನ್ನೂ ಉಗುಳಿದ್ದಿಲ್ಲ, ಪಾಪ.
ನೀರಿಗಿಳಿಯುವಾಗ ಏನುಡುವುದು?
ನೈಟಿಯ ಮೇಲೊಂದು ಟವೆಲ್ಲು, ಪಾಸಾಯಿತು.
ಕೋಳಿಗೆ ಕಾಳು ಹಾಕುವವರು? ಉಪ್ಪಳ್ಳಿ ಸುಶೀಲಿ.
ಮೇಸ್ತ್ರಿಯ ಹತ್ತಿರ ರಜೆ ಕೇಳುವವರು?
ಅದಕ್ಕೆ ಮಾತ್ರ ಯಾರೂ ಇಲ್ಲ.

ಕಿಟಕಿ ಸೀಟಿಗೆ ಅವತ್ತು ಎಂಥ ಉಪಚಾರ!
ನೀನು ಕೂರು, ಇಲ್ಲ ನೀನೇ ಕೂರು,
ನನಗೆ ಹೇಗೂ ತಲೆ ಸುತ್ತು,
ಕಡೂರು ಬಸ್ಸಿನಲ್ಲೇ ಕಣ್ಣು ಮುಚ್ಚಿಕೊಳ್ಳುವವಳು.

ಹೀಗೆ ಒಂದು ಸೀಸನ್ನು ಕಳೆಯಿತು.
ನೂರು ನೂರರಂತೆ ಹಾಕಿದ ಹಣ ಹಾರ್ಲಿಕ್ಸ್ ಬಾಟಲಿಯಲ್ಲಿತ್ತು,
ಅದರಲ್ಲೇ ಒಮ್ಮೆ ಚಿನ್ನತಾಯಿಯ ಹಲ್ಲು ಕೀಳಿಸಿದೆವು.

ಹೋದ ಸೋಮವಾರ
ಮಟಿಲ್ಡಾ ಬುತ್ತಿಯ ಚೀಲದಿಂದ ತೆಗೆದಳು,
ಪ್ಲಾಸ್ಟಿಕ್ ಕವರಿನಲ್ಲಿ, ಬೈಬಲ್ಲಿನ ಮಧ್ಯೆ ಇಟ್ಟು ತಂದ
ನೀಲಿ ಪುಸ್ತಕ.
ಪೋಲೀಸಿನವನು ಯಾಕಮ್ಮ ನಿನಗೆ ಪಾಸ್‌ಪೋರ್ಟು ಅಂದನಂತೆ,
ಸುಶೀಲಿ ನೋಡೋಕೆ ಅಂದಳಂತೆ.
ಸಂಬಂಧಿಕರಾ ಅಂದನಂತೆ.
ಹೂಂ ಅಂದಳಂತೆ.

ಕೈ ತೊಳೆದು ಬಂದು ಒಬ್ಬೊಬ್ಬರೇ ಮುಟ್ಟಿದೆವು.
ಒಳಗೆ ಖಾಲಿ ಹಾಳೆ, ಖಾಲಿ ಹಾಳೆ.
"ಫೋಟೋದಲ್ಲಿ ಒಂಚೂರು ನಗಬಾರದಿತ್ತಾ?"
"ನಗಬಾರದಂತೆ. ರೂಲ್ಸು."
ಚಿನ್ನತಾಯಿ ದನಿ ತಗ್ಗಿಸಿ ಕೇಳಿದಳು:
"ನನ್ನ ಆಧಾರಿನಲ್ಲಿ ಜನವರಿ ಒಂದು.
ನಮ್ಮ ಎಸ್ಟೇಟ್ ಲೈನಿನಲ್ಲಿ ಎಲ್ಲರೂ ಅವತ್ತೇ ಹುಟ್ಟಿದವರು.
ನಡೀತದಾ?"

ನಡೀತದೆ ಅಂದಳು ಮಟಿಲ್ಡಾ,
ಅಂದವಳೇ ಮೆಲ್ಲಗೆ ಸೇರಿಸಿದಳು,
ಆದರೆ ಕಿಟಕಿ ಸೀಟು ನನ್ನದು.

ಯಾಕೆ ನಿಂದು ಅಂದಳು ದಿಲ್‌ಶಾದ್.
ಚಿನ್ನತಾಯಿ ಡಬ್ಬಿಯ ಮುಚ್ಚಳ ಕುಕ್ಕಿದಳು.
ನನಗೆ ತಲೆ ಸುತ್ತುವುದಿಲ್ಲ, ಯಾವತ್ತೂ ಸುತ್ತಿಲ್ಲ
ಎಂದು ನಾನು ಕೂಗಿದ್ದು ಗೇಟಿನವರೆಗೂ ಕೇಳಿತಂತೆ.
ಗಂಟೆ ಹೊಡೆದರೂ ಏಳದೆ
ನಾಲ್ವರೂ ಕಿತ್ತಾಡುತ್ತಿದ್ದೆವು.