ಪಾರ್ಸೆಲ್ ಕೌಂಟರ್, ಅಂಕೋಲಾ

ನಾನು ಹಣ್ಣು ನೋಡುವವನಲ್ಲ.
ಇಪ್ಪತ್ತೆರಡು ವರ್ಷ ಈ ಕಟಾಂಜನದ ಹಿಂದೆ ಕೂತು
ನೋಡಿದ್ದು ಗಂಟು, ಮೂಲೆ, ತಳ.
ತಳ ಬೆರಳಿಗೆ ತಣ್ಣಗೆ ಹತ್ತಿದರೆ
ಒಳಗೆ ಯಾರೋ ಅಳುತ್ತಿದ್ದಾರೆಂದೇ ಲೆಕ್ಕ.
ತೂಗುತ್ತೇನೆ, ಚೀಟಿ ಅಂಟಿಸುತ್ತೇನೆ,
ರಸೀದಿಯ ಕೆಳಗೆ ಅಚ್ಚಾಗಿಯೇ ಇದೆ:
ಒಡೆದರೆ ನಾವು ಹೊಣೆಯಲ್ಲ.
ಅಷ್ಟು ವಾಕ್ಯ ಸಾಕಿತ್ತು ನನಗೆ, ನಿದ್ದೆ ಬರಲು.

ಮೇ ತಿಂಗಳೆಂದರೆ ಕರಿ ಇಶಾಡ.
ಅದರ ಸಿಪ್ಪೆಯೋ, ಹಳೇ ನೋಟಿನಷ್ಟು ತೆಳು.
ಉಗುರು ತಾಗಿದ ಜಾಗ ಸಂಜೆಗೆ ಕಪ್ಪು.
ಅಂಥದ್ದು ಅರಬೈಲು ಘಟ್ಟ ಹತ್ತಬೇಕು,
ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಬೇಕು,
ಕಲಘಟಗಿಯ ಉಬ್ಬುಗಳಲ್ಲಿ ಹಾರಿ ಹಾರಿ ಕೂರಬೇಕು,
ಹುಬ್ಬಳ್ಳಿಯಲ್ಲಿ ಇಳಿದು
ಏನೂ ಆಗಿಲ್ಲವೆಂಬಂತೆ ಘಮಘಮಿಸಬೇಕು.

ಶೆಟಗೇರಿಯ ದೇವಾನಂದ ನಾಯಕರು ಆ ವರ್ಷ
ಮಿರಮಿರ ಮಿಂಚುವ ಡಬ್ಬಿ ಮಾಡಿಸಿದ್ದರು.
ಮೇಲೆ ಚಿನ್ನದಕ್ಷರ, ಮಾವಿನ ಚಿತ್ರ
(ಚಿತ್ರದ್ದು ಆಪೂಸು, ಅದು ಬೇರೆ ಮಾತು).
ಒಳಗೆ ಪ್ಲಾಸ್ಟಿಕ್ ಚೀಲ, ಚೀಲದ ಬಾಯಿಗೆ ಗಂಟು,
ಒಂದರ ಮೇಲೊಂದು ಮೂರು ಡಜನು.
ನಾಲ್ಕನೇ ತಿರುವಿಗೇ ಡಬ್ಬಿ ಬೆವರಿತಂತೆ.
ಕಂಡಕ್ಟರ್ ಬಸ್ತ್ಯಾಂವ ಫೋನು ಮಾಡಿದ:
"ನಿನ್ನ ಚಿನ್ನದ ಡಬ್ಬಿ
ನನ್ನ ಟಿಕೆಟ್ ಚೀಲಕ್ಕೆ ರಸಾಯನ ಬಡಿಸಿದೆ.
ದೋಸೆಯೊಂದು ಕಳಿಸು ಮಾರಾಯ."

ಅದೇ ಬಸ್ಸಿನಲ್ಲಿ, ಅದೇ ದಿನ,
ಬೆಳಂಬಾರದ ಬುದವಂತಿಯ ಬುಟ್ಟಿ.
ಬಿದಿರಿನದು, ಒಂದು ಕಡೆ ಸೊಟ್ಟ.
ಮೇಲೆ ಸಾಗವಾನಿ ಎಲೆ, ಬಾಳೆಪಟ್ಟೆಯ ಬಿಗಿ.
ಬಿಚ್ಚಿದವರು ಹೇಳಿದರಂತೆ, ಒಂದಕ್ಕೂ ಕಲೆಯಿಲ್ಲ.

ನಾಯಕರು ಬಂದು ನನ್ನ ಮೇಜು ಗುದ್ದುವಾಗ
ಅವಳು ಅಲ್ಲೇ ಇದ್ದಳು, ಚಿಲ್ಲರೆ ಎಣಿಸುತ್ತ.
ಎಣಿಕೆ ನಿಲ್ಲಿಸದೆ ಹೇಳಿದಳು:
"ತೊಟ್ಟು ಸಮೇತ ಕೊಯ್ಬೇಕು, ತಮಾ.
ಆಮೇಲೆ ತೊಟ್ಟು ಮುರ್ದು ಬೋರಲಿಟ್ಟು ಸೊನೆ ಇಳಸ್ಬೇಕು.
ಒಂದರ ಮೈ ಒಂದಕ್ಕೆ ತಾಗ್ಬಾರ್ದು, ಸಿಟ್ಟು ಬತ್ತದೆ ಅವ್ಕೆ.
ನಡುವೆ ಹುಲ್ಲು. ಹಸಿ ಹುಲ್ಲಲ್ಲ, ಬಿಸ್ಲು ಕಂಡ ಹುಲ್ಲು.
ಪ್ಲಾಸ್ಟಿಕ್ಕಂತೆ!
ಅದೇ ಅಂಗಿ ನೀನೊಂದಿನ ಹಾಕ್ಕಂಡು ಘಟ್ಟ ಹತ್ತಿ ನೋಡು."

ನಾಯಕರು ನಗಲಿಲ್ಲ.
ಆದರೆ ಮರುವರ್ಷ ಡಬ್ಬಿಗೆ ತೂತು ಬಂದವು,
ಒಳಗೆ ರಟ್ಟಿನ ಗೂಡು, ಗೂಡಿಗೊಂದು ಹಣ್ಣು,
ಹಣ್ಣಿಗೊಂದು ಹುಲ್ಲಿನ ಸಿಂಬೆ.
ಹುಲ್ಲು ಬುದವಂತಿಯದೇ, ಕಟ್ಟಿಗೆ ಹತ್ತು ರೂಪಾಯಿ.
ಚಿನ್ನದಕ್ಷರ ಹೋಗಿ ಊರ ಹೆಸರು, ಕೊಯ್ದ ತಾರೀಖು.
ನಾನು ತೂಗಿ, ಮೆಚ್ಚಿ, ತಲೆದೂಗಿ,
ಡಿಕ್ಕಿಯಲ್ಲಿ
ಬೇಲೇಕೇರಿಯ ಒಣಮೀನಿನ ಮೂಟೆಯ ಮಗ್ಗುಲಿಗೆ ತಳ್ಳಿದೆ.

ಹಣ್ಣು ಗಟ್ಟಿಯಾಗಿಯೇ ತಲುಪಿತು.
ತೂತಿನಿಂದ ಗಾಳಿ ಹೋಗಿತ್ತು, ಗಾಳಿಯ ಜೊತೆ ಬಂಗಡೆಯೂ.
ವೀರಾಪುರ ಓಣಿಯಲ್ಲಿ ಪೂಜೆಗೆಂದು ತರಿಸಿದವರು
ಫೋನಿನಲ್ಲಿ ಕೊಟ್ಟದ್ದಕ್ಕೆ ರಸೀದಿಯಿಲ್ಲ.
ನನ್ನ ರಸೀದಿ ತೆಗೆದು ಎರಡು ಬಾರಿ ಓದಿದೆ.
ಒಡೆದರೆ, ಎಂದಿತ್ತು.
ನಾತಕ್ಕೆ ಯಾರು ಹೊಣೆ ಎಂದಿರಲಿಲ್ಲ.

ಎಲೆ, ಹುಲ್ಲು, ರಟ್ಟು, ಹಗ್ಗ
ಇಷ್ಟೇ ಅಂದುಕೊಂಡಿದ್ದೆ.
ಎತ್ತಿಡುವವನ ಅಂಗೈಯೂ ಒಂದು ಪದರ
ಅಂತ ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ಈಗ ಆರೂಕಾಲರ ಬಸ್ಸಿಗೆ ನಾನೇ ಹತ್ತುತ್ತೇನೆ.
ಮೀನು ಹಿಂದೆ, ಬಸಳೆ ಕಟ್ಟು ಮೇಲೆ,
ಹಣ್ಣು ಮುಂದಿನ ಸೀಟಿನಡಿ, ಎಂಜಿನ್ನಿನ ಬಿಸಿ ತಾಗದ ಕಡೆ.
"ಇದಕ್ಕೂ ಅರ್ಧ ಟಿಕೆಟ್ ಹರೀಲಾ?" ಎನ್ನುತ್ತಾನೆ ಬಸ್ತ್ಯಾಂವ.

ಮಧ್ಯಾಹ್ನ, ಹುಬ್ಬಳ್ಳಿಯಲ್ಲಿ,
ಯಾರೋ ಹಗ್ಗ ಕತ್ತರಿಸುತ್ತಾರೆ.
ಹುಲ್ಲನ್ನು ನೋಡದೆ ಬೀದಿಗೆ ಎಸೆಯುತ್ತಾರೆ.
ಎಸೆಯಲಿ.
ಬೀಡಾಡಿ ಹಸುವೊಂದು ಬಂದು ಮೂಸಿ, ಮೆಲ್ಲುತ್ತದೆ.
ಅದಕ್ಕೊಂದಕ್ಕೇ ಗೊತ್ತಾಗುತ್ತಿರಬೇಕು
ನಮ್ಮ ಗಜನಿ ಗದ್ದೆಗಳಲ್ಲಿ ಎಷ್ಟು ಉಪ್ಪಿದೆಯೆಂದು.